ಗೋಣಿಯ ಬೇಸು, ಸಾಫ್ಟ್‌ಬಾಲಿನ ಹುಡುಗಿಯರು

ನಿವೃತ್ತಿಯಾದವರು ಕುಳಿತು ಬರೆಯುತ್ತಾರಂತೆ. ನಾನು ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಾಲ್ಕು ಸಾಲು ಬರೆಯುವುದು, ಅಂಗಳಕ್ಕೆ ಒಂದು ಸುತ್ತು ಬರುವುದು, ಮತ್ತೆ ನಾಲ್ಕು ಸಾಲು. ನನ್ನ ಮಗಳು ನೋಡಿ ನೋಡಿ ಬೇಸತ್ತು ಈಗ ಹೇಳುವುದನ್ನೇ ಬಿಟ್ಟಿದ್ದಾಳೆ. ಜೀವಮಾನವಿಡೀ ಬಿಸಿಲಲ್ಲಿ ಸೀಟಿ ಊದಿದವಳಿಗೆ ಕುರ್ಚಿ ಒಗ್ಗುವುದಿಲ್ಲ, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ?

ದೈಹಿಕ ಶಿಕ್ಷಣದ ಪದವಿ ಮುಗಿಸಿ ಕಾಲೇಜುಗಳಿಗೆ ಹೊಸದಾಗಿ ಸೇರುವ ಹುಡುಗಿಯರು ಆಗೊಮ್ಮೆ ಈಗೊಮ್ಮೆ ವಾಮಂಜೂರಿನ ನಮ್ಮ ಮನೆಗೆ ಬರುವುದುಂಟು. ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಕಪ್ಪುಗಳ ಲೆಕ್ಕ. ಕಪ್ಪುಗಳು ಕಾಲೇಜಿನ ಗಾಜಿನ ಕಪಾಟಿನಲ್ಲಿವೆ, ಹೋಗಿ ನೋಡಿಕೊಳ್ಳಲಿ. ನಾನು ಹೇಳಬೇಕೆಂದಿರುವುದು ಕಪಾಟಿಗೆ ಬಾರದ ಸಂಗತಿಗಳನ್ನು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮಂಗಳೂರಿನ ಒಂದು ಮಹಿಳಾ ಕಾಲೇಜಿಗೆ ಸೇರಿದೆ. ಆಗ ಹುಡುಗಿಯರ ಆಟವೆಂದರೆ ಥ್ರೋಬಾಲ್, ಮನಸ್ಸಾದರೆ ಟೆನಿಕಾಯ್ಟ್. ನಾನು ತರಬೇತಿಗೆ ಹೋಗಿದ್ದ ಮದರಾಸಿನಲ್ಲಿ ಅಮೆರಿಕದವರ ಬೇಸ್‌ಬಾಲಿನ ತಂಗಿಯಂಥ ಸಾಫ್ಟ್‌ಬಾಲ್ ಕಲಿಸಿದ್ದರು. ಅಲ್ಲಿನ ಗ್ರಂಥಾಲಯದಲ್ಲಿ ಹಳೆಯ ಅಮೆರಿಕನ್ ಪತ್ರಿಕೆಗಳಿದ್ದವು. ಧೂಳೆಬ್ಬಿಸಿಕೊಂಡು ಬೇಸಿಗೆ ಜಾರಿ ಬೀಳುವ ಆಟಗಾರರ ಚಿತ್ರಗಳನ್ನು ನೋಡುತ್ತ ನಾನು ಊಟದ ಗಂಟೆಯನ್ನೇ ಮರೆಯುತ್ತಿದ್ದೆ. ಮಣ್ಣಲ್ಲಿ ಬೀಳಬೇಡ ಎಂದು ಹೇಳಿಸಿಕೊಂಡೇ ಬೆಳೆದ ನನಗೆ, ಬಿದ್ದರೇ ಗೆಲುವು ಎನ್ನುವ ಆಟ ತಲೆಗೆ ಹತ್ತಿಬಿಟ್ಟಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಹಾಕುವವಳು ಪಿಚರ್, ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಅದನ್ನು ಹಿಡಿಯುವವಳು ಕ್ಯಾಚರ್, ಅವಳ ಬೆನ್ನಿಗೆ ಅಂಪೈರ್. ಹೊಡೆಯಬಹುದಾದ ಚೆಂಡನ್ನು ಬಿಟ್ಟರೆ ಅದು ಸ್ಟ್ರೈಕ್. ಮೂರು ಸ್ಟ್ರೈಕಿಗೆ ಒಬ್ಬಳು ಔಟ್, ಮೂವರು ಔಟಾದರೆ ಆ ಸರದಿ ಮುಗಿಯಿತು. ಚೆಂಡು ಆಚೀಚೆ ಹೋದರೆ ಅಂಪೈರ್ ‘ಬಾಲ್’ ಎನ್ನುತ್ತಾಳೆ. ಅಂಥವು ನಾಲ್ಕಾದರೆ ಬ್ಯಾಟು ಹಿಡಿದವಳು ಪುಕ್ಕಟೆಯಾಗಿ ಮೊದಲನೆಯ ಬೇಸಿಗೆ ನಡೆದು ಹೋಗಬಹುದು. ಬೇಸಿನ ಮೇಲೆ ಕಾಲಿರುವ ತನಕ ಓಡುವವಳು ಕ್ಷೇಮ. ಕಾಲು ತೆಗೆದಾಗ ಚೆಂಡು ಹಿಡಿದ ಕೈ ತಾಗಿದರೆ ಔಟ್. ಮೂರು ಬೇಸು ಸುತ್ತಿ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಇಷ್ಟು ತಿಳಿದರೆ ಸಾಕು, ನನ್ನ ಪ್ರಿನ್ಸಿಪಾಲರಿಗೆ ಇಷ್ಟೂ ತಿಳಿದಿರಲಿಲ್ಲ.

ಅವರನ್ನು ದೂರುವುದಿಲ್ಲ. ಕಟ್ಟುನಿಟ್ಟಿನ ಹೆಂಗಸು, ಆದರೆ ಕೆಟ್ಟವರಲ್ಲ. ಆಟವನ್ನು ಅವರು ಅಳೆಯುತ್ತಿದ್ದುದು ಒಡೆದ ಕಿಟಕಿಗಳಿಂದ. ಥ್ರೋಬಾಲಿನಲ್ಲಿ ಕಿಟಕಿ ಒಡೆಯುವುದಿಲ್ಲ, ಹಾಗಾಗಿ ಅದು ಒಳ್ಳೆಯ ಆಟ. ಸಾಫ್ಟ್‌ಬಾಲ್ ಎಂಬ ಹೆಸರು ಕೇಳಿ ಮೆತ್ತಗಿನ ಚೆಂಡಿರಬೇಕು ಎಂದುಕೊಂಡು ಒಪ್ಪಿಗೆ ಕೊಟ್ಟರು. ಮೊದಲ ವಾರವೇ ರಸಾಯನಶಾಸ್ತ್ರದ ಪ್ರಯೋಗಾಲಯದ ಗಾಜು ಹೋಯಿತು. ನನ್ನನ್ನು ಕರೆಸಿ ಚೆಂಡನ್ನು ಕೈಯಲ್ಲಿ ತೂಗಿ ನೋಡಿ, ಇದಕ್ಕೆ ಸಾಫ್ಟ್ ಎಂದು ಹೆಸರಿಟ್ಟವನನ್ನು ಒಮ್ಮೆ ಕಾಣಬೇಕು ಎಂದರು. ಆಟ ನಿಲ್ಲಿಸಿ ಎನ್ನಲಿಲ್ಲ, ಮೈದಾನದ ಆಚೆ ತುದಿಗೆ ಹೋಗಿ ಎಂದರು.

ಆಚೆ ತುದಿಯಲ್ಲಿ ನೆಲ ಒರಟು ಕೆಂಪು ಮುರಕಲ್ಲಿನದು. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಸಾಮಾನುಗಳೂ ಅಷ್ಟರಲ್ಲೇ ಇದ್ದವು. ಮಂಚದ ಕಾಲು ಕಡೆಯುವ ಆಚಾರಿಯೊಬ್ಬರ ಕೈಯಿಂದ ಬ್ಯಾಟು ಮಾಡಿಸಿದೆ. ಅವರು ಚೆಂದ ಕಾಣಲಿ ಎಂದು ನಡುವೆ ಎರಡು ಬಳೆ ಕೆತ್ತಿ ಕೊಟ್ಟರು. ಚೆಂಡು ಬಳೆಗೆ ತಾಗಿದರೆ ಎಲ್ಲಿಗೆ ಹೋಗುತ್ತದೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಕೈಗವಸು ಸಾಕಷ್ಟಿರಲಿಲ್ಲ. ಸರದಿ ಮುಗಿದಾಗ ನಮ್ಮ ಹುಡುಗಿಯರು ಅವನ್ನು ನೆಲದ ಮೇಲೆ ಇಟ್ಟು ಬರಬೇಕು, ಎದುರಿನ ತಂಡದವರು ಹಾಕಿಕೊಳ್ಳಬೇಕು. ಎದುರಾಳಿಯ ಕೈಬೆವರು ಆರುವ ಮೊದಲೇ ನಮ್ಮ ಕೈ ಅದರೊಳಗಿರುತ್ತಿತ್ತು. ಎಂಬತ್ತರ ದಶಕದಲ್ಲಿ ಅಲ್ಯೂಮಿನಿಯಂ ಬ್ಯಾಟು, ಎಲ್ಲರಿಗೂ ಕೈಗವಸು, ನೆಲಕ್ಕೆ ಬಿಗಿದ ರಬ್ಬರಿನ ಬೇಸು, ಸ್ಟಾಪ್‌ವಾಚು ಹಿಡಿದ ತರಬೇತುದಾರರು ಎಲ್ಲವೂ ಬಂದವು. ಆಟ ಚುರುಕಾಯಿತು, ನಿಜ. ಆದರೆ ಆ ಬ್ಯಾಟಿನ ಡಬ್ಬ ಬಡಿದಂಥ ಶಬ್ದ ನನಗೆ ಕೊನೆಯ ತನಕ ಹಿಡಿಸಲಿಲ್ಲ. ಮುಂದೆ ಓಡುತ್ತಿದ್ದೇನೆ, ಹಿಂದಕ್ಕೆ ಬರುತ್ತೇನೆ.

ಬೇಸಿನದು ಬೇರೆಯೇ ಕಥೆ. ನನ್ನ ತಂಡದ ಕ್ಯಾಚರ್ ಸುಗುಣ ನಮ್ಮ ಕಡೆಯವಳೇ, ಬಂಟರ ಹುಡುಗಿ, ಅವಳ ತಂದೆಗೆ ಹಂಪನಕಟ್ಟೆಯ ಹತ್ತಿರ ಹೋಟೆಲು. ಅವಳು ಹೋಟೆಲಿನಿಂದ ಅಕ್ಕಿಯ ಗೋಣಿಗಳನ್ನು ತಂದಳು. ನಾನು ಅವನ್ನು ಮಡಚಿ, ತೆಂಗಿನ ನಾರು ತುಂಬಿ ಬೇಸು ಹೊಲಿದೆ. ಅಭ್ಯಾಸ ಶುರುವಾದರೆ ಒಬ್ಬಳೂ ಬೇಸು ತುಳಿಯುವುದಿಲ್ಲ. ಹತ್ತಿರ ಬಂದು ಪಕ್ಕಕ್ಕೆ ಹಾರುತ್ತಾರೆ. ಬೊಬ್ಬೆ ಹಾಕಿ ಹಾಕಿ ನನ್ನ ಗಂಟಲು ಹೋಯಿತು. ಕೊನೆಗೆ ಸುಗುಣ ಮೆಲ್ಲಗೆ ಹೇಳಿದಳು, ಗೋಣಿಯ ಮೇಲೆ ಲಕ್ಷ್ಮಿಯ ಚಿತ್ರ ಉಂಟು ಮಿಸ್ ಎಂದು. ಅಚ್ಚು ಮಾಸಿದ್ದರೂ ತಾವರೆಯ ಮೇಲೆ ನಿಂತವಳು ಸ್ಪಷ್ಟವಾಗಿ ಕಾಣುತ್ತಿದ್ದಳು. ನಾಲ್ಕೂ ಗೋಣಿ ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಹೊಲಿದೆ. ಆದರೂ ಒಳಗೆ ದೇವರಿದ್ದಾಳೆಂದು ಗೊತ್ತಲ್ಲ. ತುಳಿದವರು ತಿರುಗಿ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆ ಅಭ್ಯಾಸ ಬಿಡಿಸಲು ನನಗೆ ಒಂದು ವರ್ಷ ಹಿಡಿಯಿತು. ಬಿಟ್ಟುಹೋಗಿದೆ ಎಂದು ನಂಬಿದ್ದೆ.

ಇನ್ನು ಮೈಮೂನ. ಅವಳು ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಕಾಲೇಜಿಗೆ ಬರುತ್ತಿದ್ದ ಬ್ಯಾರಿ ಮುಸ್ಲಿಮರ ಹುಡುಗಿ. ತಂದೆ ಹಸನಬ್ಬನವರಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಒಂದು ದಿನ ಚೆಂಡು ಪಾಗಾರದ ಗೋಡೆಯ ಹತ್ತಿರ ಹೋದಾಗ, ಪುಸ್ತಕ ಎದೆಗೊತ್ತಿಕೊಂಡು ಹೋಗುತ್ತಿದ್ದ ಅವಳು ಒಂದು ಕೈಯಲ್ಲಿ ಅದನ್ನೆತ್ತಿ, ಭುಜದ ಕೆಳಗಿನಿಂದ ಬೀಸಿ ಕಳಿಸಿದಳು. ನನ್ನ ಅಂಗೈ ಉರಿಯಿತು. ಎಲ್ಲಿ ಕಲಿತೆ ಎಂದರೆ, ಎಂತದ್ದು ಕಲಿಯುವುದು ಮಿಸ್, ದೋಣಿಗೆ ಹಗ್ಗ ಎಸೆಯುವುದು ಹೀಗೆಯೇ ಅಲ್ಲವಾ ಎಂದಳು. ಸಾಫ್ಟ್‌ಬಾಲಿನಲ್ಲಿ ಚೆಂಡನ್ನು ಕೆಳಗಿನಿಂದಲೇ ಹಾಕಬೇಕು. ನಾನು ವರ್ಷಗಟ್ಟಲೆ ಕಲಿಸಿದರೂ ಉಳಿದವರಿಗೆ ಬಾರದ್ದು ಅವಳ ತೋಳಿನಲ್ಲಿ ಮೊದಲೇ ಇತ್ತು.

ಅವಳಿಗಾಗಿ ನಾನು ಬಂದರಿಗೆ ಎಷ್ಟು ಸಲ ಹೋದೆನೋ. ಹಸನಬ್ಬನವರು ಒರಟರಲ್ಲ, ಆದರೆ ಮಾತು ಅಳೆದು ಆಡುವವರು. ಪೂರ್ತಿ ಕೈ ಮುಚ್ಚುವ ಅಂಗಿ, ತಲೆಯ ಮೇಲೆ ಬಟ್ಟೆ, ಸಂಜೆಯೊಳಗೆ ಮನೆ ಎಂಬ ಷರತ್ತಿನ ಮೇಲೆ ಒಪ್ಪಿದರು. ಎರಡು ವರ್ಷ ಅವಳು ಆಡಿದಳು. ಆ ಎರಡು ವರ್ಷ ನಾನು ಬೆಳಿಗ್ಗೆ ಹಾಸಿಗೆಯಿಂದ ಹಾರಿ ಏಳುತ್ತಿದ್ದೆ. ಅವಳು ಚೆಂಡು ಹಾಕುವುದನ್ನು ನೋಡಿದಾಗಲೆಲ್ಲ, ಮದರಾಸಿನಲ್ಲಿ ಆ ಚಿತ್ರಗಳ ಮುಂದೆ ನಿಂತ ಹುಡುಗಿ ನಾನೇ ಎಂಬುದು ನೆನಪಾಗಿ ಖುಷಿಯಾಗುತ್ತಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಮೂರನೆಯ ವರ್ಷ ಮದುವೆ ಗೊತ್ತಾಯಿತು. ಹುಡುಗ ಗಲ್ಫಿನಲ್ಲಿದ್ದ, ರಜೆಯಲ್ಲಿ ಬಂದಾಗ ನಿಕಾಹ್, ನಂತರ ಅವಳೂ ಅಲ್ಲಿಗೆ. ಅಂತರ ಕಾಲೇಜು ಪಂದ್ಯಾಟದ ಕೊನೆಯ ಸುತ್ತು ಆ ವರ್ಷ ನಮ್ಮದೇ ಮೈದಾನದಲ್ಲಿತ್ತು. ಹಸನಬ್ಬನವರು ಒಂದು ಮಾತು ಕೊಟ್ಟರು. ನೀವು ಗೆದ್ದರೆ ಮೈಸೂರಿನಲ್ಲಿ ನಡೆಯುವ ವಿಶ್ವವಿದ್ಯಾನಿಲಯ ತಂಡದ ಆಯ್ಕೆಗೂ ಕಳಿಸುತ್ತೇನೆ, ನಿಕಾಹ್ ಸ್ವಲ್ಪ ಮುಂದೆ ಹೋದರೂ ಅಡ್ಡಿಯಿಲ್ಲ. ಸೋತರೆ ಅಲ್ಲಿಗೆ ಮುಗಿಯಿತು, ಮತ್ತೆ ನೀವೂ ಕೇಳಬಾರದು, ಅವಳೂ ಕೇಳಬಾರದು. ಮೈಮೂನ ತಲೆಯಾಡಿಸಿದಳು. ನಾನೂ ತಲೆಯಾಡಿಸಿದೆ, ಬೇರೇನು ಮಾಡುವುದು?

ಫೈನಲಿನಲ್ಲಿ ಮೈಸೂರಿನ ಒಂದು ಕಾಲೇಜು ಎದುರಾಯಿತು. ಇಬ್ಬರು ಅಂಪೈರರಲ್ಲಿ, ಬೇಸಿನ ಹತ್ತಿರ ನಿಲ್ಲಬೇಕಾದವರು ಉಡುಪಿಯಿಂದ ಬರಬೇಕಿತ್ತು. ಕೂಳೂರು ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು, ಅವರ ಬಸ್ಸು ಆಚೆ ದಡದಲ್ಲೇ ಉಳಿಯಿತು. ಆ ಕಾಲದಲ್ಲಿ ನಿಯಮ ತಿಳಿದವರು ಕೈಬೆರಳೆಣಿಕೆಯಷ್ಟು. ಮೈಸೂರಿನ ಕೋಚ್ ಅವಸರದಲ್ಲಿದ್ದರು, “ನೀವೇ ನಿಂತ್ಕೊಳ್ಳಿ ಮೇಡಂ, ನಮಗೆ ನಂಬಿಕೆ ಇದೆ” ಎಂದರು. ನನ್ನ ತಂಡದ ಆಟಕ್ಕೆ ನಾನೇ ಅಂಪೈರಾದೆ.

ಕೊನೆಯ ಸರದಿ ನಮ್ಮದು. ನಾವು ಒಂದು ರನ್ ಹಿಂದೆ, ಇಬ್ಬರು ಔಟ್. ಎರಡನೆಯ ಬೇಸಿನಲ್ಲಿ ಸುಗುಣ, ಬ್ಯಾಟು ಹಿಡಿದವಳು ಮೈಮೂನ. ಪಾಗಾರದ ಹತ್ತಿರ ಪ್ರಿನ್ಸಿಪಾಲರು ಕೊಡೆ ಬಿಡಿಸಿ ನಿಂತಿದ್ದರು, ಸ್ವಲ್ಪ ದೂರದಲ್ಲಿ ಹಸನಬ್ಬನವರು. ಮೈಮೂನ ಹೊಡೆದಳು. ಸುಗುಣ ಓಡಿದಳು, ಮುರಕಲ್ಲಿನ ಮೇಲೆ ಹೆದರದೆ ಜಾರಿದಳು, ಚೆಂಡು ಬರುವ ಮೊದಲೇ ಅವಳ ಕಾಲು ಮೂರನೆಯ ಬೇಸಿನ ಮೇಲಿತ್ತು. ನಾನು ಕೈ ಚಾಚಿ ಸೇಫ್ ಎಂದೆ.

ಜಾರಿದ ರಭಸಕ್ಕೆ ಸುಗುಣಳ ಕಾಲು ಅಲ್ಲಿ ನಿಂತಿದ್ದ ಮೈಸೂರಿನ ಹುಡುಗಿಯ ಕಾಲಿಗೆ ಬಡಿದಿತ್ತು. ಸುಗುಣ ಎದ್ದವಳೇ ಏನು ಮಾಡಿದಳು ಗೊತ್ತೇ? ಬೇಸಿನಿಂದ ಒಂದು ಹೆಜ್ಜೆ ಮುಂದೆ ಬಂದು, ಬಗ್ಗಿ, ಆ ಹುಡುಗಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಾಲು ತಾಗಿದರೆ ನಾವೆಲ್ಲರೂ ಮಾಡುವುದೇ ಅದು. ಆ ಹುಡುಗಿಯೂ ನಾವೆಲ್ಲರೂ ಮಾಡುವುದನ್ನೇ ಮಾಡಿದಳು. ಅಯ್ಯೋ ಪರವಾಗಿಲ್ಲ ಬಿಡಿ ಎಂದು ಸುಗುಣಳ ತೋಳು ಹಿಡಿದು ಎಬ್ಬಿಸಿದಳು. ಹಿಡಿದ ಆ ಕೈಯಲ್ಲಿ ಚೆಂಡಿತ್ತು.

ಅವರಿಬ್ಬರಿಗೂ ಗೊತ್ತಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಎಲ್ಲರ ಕಣ್ಣೂ ಮೊದಲನೆಯ ಬೇಸು ಮುಟ್ಟಿದ ಮೈಮೂನಳ ಮೇಲಿತ್ತು. ಸುಗುಣಳ ಕಾಲು ಬೇಸಿನ ಮೇಲಿರಲಿಲ್ಲ, ಚೆಂಡು ಹಿಡಿದ ಕೈ ಅವಳ ತೋಳಿನ ಮೇಲಿತ್ತು ಎಂಬುದನ್ನು ಇಡೀ ಮೈದಾನದಲ್ಲಿ ನೋಡಿದವಳು ನಾನೊಬ್ಬಳೇ. ನನ್ನ ಕೈ ತಾನಾಗಿ ಮೇಲೆದ್ದಿತು. ಔಟ್ ಎಂದು ಕೂಗಿದ್ದು ನನ್ನದೇ ದನಿ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅದು ಮೂರನೆಯ ಔಟ್, ನಾವು ಸೋತೆವು. ಆಮೇಲೆ ಆದ ಗಲಾಟೆಯನ್ನು ವಿವರಿಸುವುದಿಲ್ಲ. ಕಾಲೇಜಿನ ಹುಡುಗಿಯರು ನನಗೆ ಬೆನ್ನು ಹಾಕಿದರು. ಪ್ರಿನ್ಸಿಪಾಲರು ಕೊಡೆ ಮಡಚಿಕೊಂಡು ಹೋದರು. ಸುಗುಣ ಬೇಸಿನ ಪಕ್ಕದಲ್ಲೇ ಕುಳಿತು ಅಳುತ್ತಿದ್ದಳು, ಮೈಸೂರಿನ ಹುಡುಗಿ ಅವಳಿಗಿಂತ ಜೋರಾಗಿ ಅಳುತ್ತಿದ್ದಳು. ಮೈಮೂನ ಅಳಲಿಲ್ಲ. ನನ್ನ ಹತ್ತಿರ ಬಂದು ನಿಂತಳು.

“ನೀವು ನೋಡಿದ್ದು ಹೌದಾ ಮಿಸ್?”

“ಹೌದು.”

“ಬೇರೆ ಯಾರೂ ನೋಡ್ಲಿಲ್ಲ. ನೀವೂ ನೋಡದಿದ್ರೆ ಆಗ್ತಿತ್ತು.”

ಅವಳು ಸಿಟ್ಟಿನಲ್ಲಿ ಹೇಳಿರಲಿಲ್ಲ, ಅದೇ ನನಗೆ ಸಹಿಸಲಾಗಲಿಲ್ಲ. ತಂದೆಯ ಹಿಂದೆ ಹೊರಟುಹೋದಳು. ನಾನು ಮೈದಾನದಲ್ಲಿ ಅತ್ತಿಂದಿತ್ತ ನಡೆದೆ. ನಿಯಮ ಸರಿ, ಕಣ್ಣು ಸರಿ, ತೀರ್ಪು ಸರಿ. ಆದರೂ ಮೈಮೂನ ಇನ್ನು ಚೆಂಡು ಮುಟ್ಟುವುದಿಲ್ಲ ಎಂಬುದು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಮೈಸೂರಿನವರು ಮರುದಿನ ಮಧ್ಯಾಹ್ನ ಹೊರಡುವವರಿದ್ದರು. ಬೆಳಿಗ್ಗೆ ಸುಮ್ಮನೆ ಒಂದು ಸ್ನೇಹದ ಪಂದ್ಯ ಆಡೋಣವೇ ಎಂದು ಅವರ ಕೋಚನ್ನು ಕೇಳಿದೆ. ಅವರು ಹಿಂದುಮುಂದು ನೋಡುವಷ್ಟರಲ್ಲಿ, ಅತ್ತು ಮುಖ ಊದಿಸಿಕೊಂಡಿದ್ದ ಆ ಹುಡುಗಿಯೇ ಆಡ್ತೀವಿ ಸಾರ್ ಎಂದಳು. ನಾನು ನೇರವಾಗಿ ಬಂದರಿಗೆ ನಡೆದೆ.

ಹಸನಬ್ಬನವರು ಅಂಗಡಿಯಲ್ಲಿದ್ದರು. ಕೂತ್ಕೊಳ್ಳಿ ಎಂದು ಸ್ಟೂಲು ತೋರಿಸಿದರು, ನಾನು ಒಣಮೀನಿನ ರಾಶಿಗಳ ನಡುವೆ ನಿಂತೇ ಇದ್ದೆ. ನಮ್ಮ ಮಾತು ತುಳುವಿನಲ್ಲಿ ನಡೆಯಿತು.

“ಆಟ ಮುಗಿಯಿತಲ್ಲ ಟೀಚರ್, ಇನ್ನೆಂತ ಉಂಟು?”

“ಅದು ಸರಿಯಾಗಿ ಮುಗಿಯಲಿಲ್ಲ ಹಸನಬ್ಬರೇ.”

“ಔಟ್ ಕೊಟ್ಟದ್ದು ನೀವೇ ಅಲ್ಲವಾ? ಔಟ್ ಇತ್ತಾ ಇಲ್ಲವಾ?”

“ಇತ್ತು.”

“ಮತ್ತೆ ಸರಿಯಾಗಿಯೇ ಮುಗಿದದ್ದಲ್ಲವಾ ಮಾರಾಯ್ರೆ.”

ಕೇಳಬಾರದೆಂದು ಮಾತಾಗಿತ್ತು, ಆದರೂ ಕೇಳುತ್ತಿದ್ದೇನೆ, ಒಂದು ಬೆಳಿಗ್ಗೆ ಕೊಡಿ ಎಂದೆ. ಗೆದ್ದರೂ ಸೋತರೂ ಏನೂ ಬದಲಾಗುವುದಿಲ್ಲ, ಅವಳು ಸುಮ್ಮನೆ ಒಮ್ಮೆ ಆಡಲಿ. ಅವರು ತಕ್ಕಡಿಯ ಹಗ್ಗ ಸರಿಪಡಿಸಿದರು. ಆಮೇಲೆ, ನಾಳೆ ಹುಡುಗನ ಮನೆಯವರು ಊಟಕ್ಕೆ ಬರುತ್ತಾರೆ, ಮಧ್ಯಾಹ್ನದ ಬಾಂಗಿನ ಒಳಗೆ ಅವಳು ದೋಣಿ ಹತ್ತಿರಬೇಕು, ನಾನೇ ಕರೆದುಕೊಂಡು ಬರುತ್ತೇನೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು.

ಮರುದಿನ ಮೈದಾನದಲ್ಲಿ ಪ್ರೇಕ್ಷಕರು ಯಾರೂ ಇರಲಿಲ್ಲ. ಹಸನಬ್ಬನವರು ಪಾಗಾರದ ಮೇಲೆ ಕುಳಿತಿದ್ದರು, ಅಷ್ಟೆ. ಇದ್ದ ಒಬ್ಬ ಅಂಪೈರ್ ಹಿಂದಿನ ದಿನವೇ ಊರಿಗೆ ಹೋಗಿದ್ದರಿಂದ ನಾನೇ ಕ್ಯಾಚರಿನ ಹಿಂದೆ ನಿಂತೆ. ಮೈಮೂನ ನನ್ನ ಕಡೆ ನೋಡದೆ ಚೆಂಡು ಎತ್ತಿಕೊಂಡಳು. ಆದರೆ ಆ ದಿನ ಅವಳು ಹಾಕಿದಂಥ ಚೆಂಡುಗಳನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೆ ಎಂಬತ್ತರ ದಶಕದ ದೊಡ್ಡ ದೊಡ್ಡ ಪಂದ್ಯಗಳಲ್ಲೂ ನೋಡಲಿಲ್ಲ. ನಾವು ಮುಂದಿದ್ದೆವು. ಮೈಸೂರಿನವರ ಕೊನೆಯ ಸರದಿ, ಇಬ್ಬರು ಔಟ್. ಇನ್ನೊಬ್ಬಳು ಔಟಾದರೆ ಆಟ ಮುಗಿಯಿತು.

ಬ್ಯಾಟು ಹಿಡಿದವಳಿಗೆ ಮೈಮೂನ ಮಿಂಚಿನಂಥ ಎರಡು ಸ್ಟ್ರೈಕ್ ಹಾಕಿದಳು. ಮೂರನೆಯದು ಹೊರಗೆ ಹೋಯಿತು. ಅದರ ಮುಂದಿನ ಮೂರೂ ಹೊರಗೆ. ನಾಲ್ಕು ಬಾಲ್ ಆಗಿ ಆ ಹುಡುಗಿ ಪುಕ್ಕಟೆ ಬೇಸಿಗೆ ನಡೆದಳು. ಕೈ ಸೋತಿರಬೇಕು ಎಂದುಕೊಂಡೆ. ಮುಂದಿನವಳಿಗೂ ಅದೇ ಆಯಿತು: ಎರಡು ಸ್ಟ್ರೈಕ್, ಮತ್ತೆ ನಾಲ್ಕು ಹೊರಗೆ. ಮೂರನೆಯವಳಿಗೂ ಹಾಗೆಯೇ. ಸೋತ ಕೈಯ ಚೆಂಡು ಎಲ್ಲೆಲ್ಲೋ ಹೋಗುತ್ತದೆ. ಇವಳದು ಪ್ರತಿ ಸಲವೂ ಅದೇ ಗೇಣಿನಷ್ಟು ಹೊರಗೆ, ಅದೇ ಎತ್ತರದಲ್ಲಿ ಹೋಗುತ್ತಿತ್ತು. ಮೂರೂ ಬೇಸು ತುಂಬಿತು. ಸುಗುಣ ಎದ್ದು ಅವಳ ಹತ್ತಿರ ಹೋಗಿ ಮಾತಾಡಿ ಬಂದು ಮತ್ತೆ ಕುಕ್ಕರಿಸಿದಳು. ಹಿಂದೆ ತಿರುಗದೆಯೇ ಹೇಳಿದಳು:

“ಅವಳಿಗೆ ಮುಗಿಸ್ಲಿಕ್ಕೆ ಮನಸ್ಸಿಲ್ಲ ಮಿಸ್. ಸೋತ್ರೂ ಅಡ್ಡಿಲ್ಲ, ಮುಗಿಸುವುದಿಲ್ಲ ಅಂತಾಳೆ.”

ನನ್ನ ಕಣ್ಣು ಮಂಜಾಯಿತು. ಅಂಪೈರಿಗೆ ಅದು ಆಗಬಾರದು. ಮೈಸೂರಿನ ಹುಡುಗಿಯರಿಗೂ ಅರ್ಥವಾಗಿತ್ತೆಂದು ಕಾಣುತ್ತದೆ, ಈಗ ಬಂದವಳು ಬ್ಯಾಟನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಅವಳು ಹಿಂದಿನ ದಿನ ಸುಗುಣಳ ತೋಳು ಹಿಡಿದವಳು. ಮತ್ತೆ ಎರಡು ಸ್ಟ್ರೈಕ್. ಮತ್ತೆ ಹೊರಗೆ ಒಂದು, ಇನ್ನೊಂದು. ಬಾಲ್, ಬಾಲ್ ಎಂದು ನಾನು ಪ್ರಾಮಾಣಿಕವಾಗಿ ಕೂಗುತ್ತಿದ್ದೆ.

ಪಾಗಾರದ ಮೇಲೆ ಹಸನಬ್ಬನವರು ಎದ್ದು ನಿಂತು ಲುಂಗಿ ಕೊಡವಿಕೊಂಡರು. ಬಾಂಗಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಮೈಮೂನ ಅವರನ್ನು ನೋಡಿದಳು. ತಲೆಯ ಬಟ್ಟೆ ಬಿಗಿದುಕೊಂಡಳು. ಈ ಸಲ ಚೆಂಡು ನೇರವಾಗಿ, ನಡುಮಧ್ಯಕ್ಕೆ, ಸೊಂಟದೆತ್ತರದಲ್ಲಿ ಬಂದು ಸುಗುಣಳ ಕೈಗವಸಿನೊಳಗೆ ಕುಳಿತಿತು. ಅದಕ್ಕಿಂತ ಒಳ್ಳೆಯ ಸ್ಟ್ರೈಕ್ ಇರಲಿಕ್ಕೆ ಸಾಧ್ಯವಿಲ್ಲ. ನಾನು ಕಣ್ತುಂಬ ನೋಡಿದೆ.

“ಬಾಲ್” ಎಂದೆ.

ಸುಗುಣ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಬ್ಯಾಟು ಹಿಡಿದ ಹುಡುಗಿಯೂ ನೋಡಿದಳು. ಅವರ ಕೋಚ್ ಆಕಾಶ ನೋಡುತ್ತಿದ್ದರು. ಮೈಮೂನ ಅಲ್ಲೇ ನಿಂತು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು, ಆಮೇಲೆ ಹಿಂದಿನ ದಿನದಿಂದ ಮೊದಲ ಬಾರಿಗೆ ನಕ್ಕಳು. ಚೆಂಡನ್ನು ವಾಪಸು ಪಡೆದು, ಅವಸರ ಮಾಡದೆ, ಅದೇ ಜಾಗಕ್ಕೆ ಮತ್ತೊಮ್ಮೆ ಹಾಕಿದಳು. ಸುಗುಣ ಕೈಗವಸನ್ನು ಅಲುಗಿಸಬೇಕಾಗಲಿಲ್ಲ. ನಾನು ಕೈ ಎತ್ತಿದೆ.